ಎಲ್ಲ ಗೊತ್ತಿದ್ದವರ ಮನೆ

"ಕಿಟಕಿ" ಎಂದು ಒಳಕೋಣೆಯಿಂದ ಕೇಳಿಸಿತು. ತಡವರಿಕೆಯಿಲ್ಲ, ತೊದಲಿಲ್ಲ, ಹಳೆಯ ದನಿಯೇ. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಪಾಸಮ್ಮ ಚಾಕುವನ್ನು ಮಣೆಯ ಮೇಲೇ ಬಿಟ್ಟು ಓಡಿದಳು. ಗಂಡನಿಗೆ ಸ್ಟ್ರೋಕ್ ಆಗಿ ಮಾತು ಹೋದಮೇಲೆ ಅವನ ಬಾಯಿಂದ ಒಂದು ಇಡೀ ಪದ ಬಂದದ್ದನ್ನು ಅವಳು ಕೇಳಿರಲೇ ಇಲ್ಲ. ಕೋಣೆಗೆ ನುಗ್ಗಿದವಳು, ತಣ್ಣನೆ ಗಾಳಿ ಬಡಿಯುತ್ತಿದೆಯೇನೋ ಎಂದು ಕಿಟಕಿ ಮುಚ್ಚಿ, ಚಿಲಕ ಹಾಕಿ, ಮುಖ ಅರಳಿಸಿಕೊಂಡು ಅವನ ಕಡೆ ತಿರುಗಿದಳು.

ಅವನು ಕೈಯಾಡಿಸಿ ಪಕ್ಕಕ್ಕೆ ಸರಿ ಎಂದು ಸನ್ನೆ ಮಾಡಿದ. ಅವಳು ಬೆಳಕಿಗೆ ಅಡ್ಡ ನಿಂತಿದ್ದಳು. ದಿಂಬಿಗೆ ಒರಗಿಸಿಟ್ಟ ಫೋನಿನಲ್ಲಿ ಒಂದು ಕಿಟಕಿಯ ಚಿತ್ರವಿತ್ತು. "ಶಭಾಷ್, ಮುಂದಿನದು ನೋಡೋಣ" ಎಂದಿತು ಫೋನು. ಕಿಟಕಿ ಹೋಗಿ ಕುರ್ಚಿ ಬಂತು.

"ನನ್ನನ್ನ ಕರೆದಿದ್ದಲ್ವಾ?" ಎಂದಳು.

ಅಲ್ಲ ಎಂದು ತಲೆಯಾಡಿಸಿ ಅವನು ಕುರ್ಚಿಯನ್ನೇ ನೋಡತೊಡಗಿದ. ಅವಳು ಚಿಲಕ ತೆಗೆದು, ಕಿಟಕಿಯನ್ನು ಮೊದಲಿದ್ದ ಹಾಗೆ ತೆರೆದು, ಅಡುಗೆಮನೆಗೆ ವಾಪಸು ಬಂದಳು. ಕಣ್ಣಿಗೆ ಬಂದ ನೀರನ್ನು ಈರುಳ್ಳಿಯ ತಲೆಗೆ ಕಟ್ಟಬಹುದಿತ್ತು. ಕಟ್ಟಲಿಲ್ಲ, ನೇರವಾಗಿ ಅತ್ತಳು, ಆಮೇಲೆ ಮೂಗು ಒರೆಸಿಕೊಂಡು ಒಗ್ಗರಣೆ ಹಾಕಿದಳು.

ಅವಳಿಗೆ ಪಾಸಮ್ಮ ಎಂಬ ಹೆಸರಿಟ್ಟವನು ಆ ಗಂಡನೇ. ಸಿಟಿ ಬಸ್ಸಿನ ಕಂಡಕ್ಟರು ಅವನು. ಲಾಡ್ಜೊಂದರ ಬಟ್ಟೆ ಒಗೆಯುವ ಕೋಣೆಗೆ ಹೊಸದಾಗಿ ಕೆಲಸಕ್ಕೆ ಸೇರಿ, ತಿಂಗಳ ಪಾಸು ಹಿಡಿದು ದಿನಾ ಅವನ ಬಸ್ಸು ಹತ್ತುತ್ತಿದ್ದ ಹುಡುಗಿ ಇವಳು. "ಪಾಸಮ್ಮ ಬಂದ್ರು, ದಾರಿ ಬಿಡಿ" ಎಂದು ಬಸ್ಸಿಗೆಲ್ಲ ಕೇಳಿಸುವಂತೆ ಅವನು ಕೂಗಿದರೆ ಇವಳಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸುತ್ತಿತ್ತು. ಹೋಗಲಿಲ್ಲ, ಅವನನ್ನೇ ಮದುವೆಯಾದಳು. ಹೆಸರು ಮಾತ್ರ ಅಂಟಿಕೊಂಡಿತು. ಈಗ ಲಾಡ್ಜಿನವರೂ ಪಾಸಮ್ಮ ಅನ್ನುತ್ತಾರೆ, ಅತ್ತೆಯೂ ಪಾಸಮ್ಮ ಅನ್ನುತ್ತಾಳೆ.

ಅವನ ಕೂಗಿಗೆ ಡಿಪೋದಲ್ಲೆಲ್ಲ ಹೆಸರಿತ್ತು. ಅವನಿದ್ದ ಬಸ್ಸಿಗೆ ಹಾರನ್ ಯಾಕೆ ದಂಡಕ್ಕೆ ಎಂದು ಡ್ರೈವರುಗಳು ಗೇಲಿ ಮಾಡುತ್ತಿದ್ದರು. ಅಂಥವನು ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಡುತ್ತಾ, ಶೂ ಲೇಸು ಕಟ್ಟಿಕೊಳ್ಳುತ್ತಿದ್ದ ಹಾಗೇ ಪಕ್ಕಕ್ಕೆ ವಾಲಿದ. ಆಸ್ಪತ್ರೆಯಿಂದ ಬರುವಾಗ ಕೈಕಾಲು ಮುಕ್ಕಾಲು ಪಾಲು ವಾಪಸು ಬಂದಿದ್ದವು, ಮಾತು ಬಂದಿರಲಿಲ್ಲ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ತಲೆಯಲ್ಲಿ ವಿಷಯವೂ ಇದೆ, ಪದ ಮಾತ್ರ ಕೈಗೆ ಸಿಗುವುದಿಲ್ಲ ಎಂದು ಡಾಕ್ಟರು ವಿವರಿಸಿದರು. ಮಾತು ಕಲಿಸುವ ಕೇಂದ್ರ ಊರಿನ ಇನ್ನೊಂದು ತುದಿಯಲ್ಲಿ. ಅಲ್ಲಿಗೆ ಅವನನ್ನು ಕರೆದುಕೊಂಡು ಹೋಗುವುದು ಅಂದರೆ ಪಾಸಮ್ಮನ ಒಂದು ದಿನದ ಕೆಲಸ ಹೋದ ಹಾಗೆ. ಕೊನೆಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಎಲ್ಲಿಂದಲೋ ಈ ಆ್ಯಪ್ ಹುಡುಕಿ ತಂದಳು. ಚಿತ್ರ ಬರುತ್ತದೆ, ಅಪ್ಪ ಹೆಸರು ಹೇಳಬೇಕು. ಜೊತೆಗೆ ಶನಿವಾರ ಶನಿವಾರ ಇಂಥವರದೇ ಒಂದು ಗುಂಪು ಫೋನಿನಲ್ಲೇ ಸೇರುತ್ತದೆ, ಒಬ್ಬ ಟೀಚರಮ್ಮ ಮಾತಾಡಿಸುತ್ತಾರೆ.

ಮನೆಯಲ್ಲಿ ಮಾತ್ರ ಯಾರೂ ಅವನನ್ನು ಮಾತಾಡಿಸಬೇಕಾಗಿರಲಿಲ್ಲ. ಯಾಕೆಂದರೆ ಮನೆಯಲ್ಲಿ ಎಲ್ಲರಿಗೂ ಎಲ್ಲ ಗೊತ್ತಿತ್ತು.

ಊಟಕ್ಕೆ ಕೂತಾಗ ಅವನು ತಲೆಯೆತ್ತಿ "ಆ..." ಎಂದರೆ ಸಾಕು.

"ಉಪ್ಪು. ಉಪ್ಪು ಕಮ್ಮಿಯಾಗಿದೆ ನನ್ನ ಮಗಂಗೆ" ಎಂದು ಅವನ ತಾಯಿ ಡಬ್ಬಿಗೆ ಕೈ ಹಾಕುವಳು.

"ಉಪ್ಪಲ್ಲ ಅತ್ತೆ, ಮೊಸರು ಕೇಳ್ತಿರೋದು" ಎಂದು ಪಾಸಮ್ಮ ಅಷ್ಟರಲ್ಲಿ ಬಡಿಸಿ ಮುಗಿಸಿರುವಳು.

"ಇಬ್ರೂ ಸುಮ್ನಿರಿ, ಅಪ್ಪ ಹೇಳ್ಲಿ" ಎಂದು ಮಗಳು ಗದರುವಳು. ಒಂದು ಉಸಿರು ಬಿಟ್ಟು ಅವಳೇ, "ಫ್ಯಾನ್ ಜೋರು ಮಾಡ್ಲಾ ಅಪ್ಪ?"

ಹರಾಜು ನಡೆದ ಹಾಗೆ. ಅವನು ಒಬ್ಬೊಬ್ಬರ ಮುಖವನ್ನೂ ನೋಡಿ, ತಟ್ಟೆಗೆ ಬಿದ್ದ ಮೊಸರನ್ನು ಕಲಸಿಕೊಂಡು ತಿನ್ನುವನು.

"ನೋಡಿದ್ರಾ" ಎಂದು ಪಾಸಮ್ಮ ಗೆದ್ದ ಖುಷಿಯಲ್ಲಿ ಅತ್ತೆಯ ಕಡೆ ನೋಡುವಳು. "ಇವ್ರು ಬಾಯಿ ತೆಗೆಯೋಕೆ ಮುಂಚೇನೇ ನಂಗೆ ಗೊತ್ತಾಗತ್ತೆ."

ಬೇಡವಾದದ್ದನ್ನು ಬೇಡ ಅನ್ನುವುದಕ್ಕೂ ಅವನು ಬೆವರು ಸುರಿಸಿ ಒಂದು ಮಾತು ಹುಡುಕಬೇಕಿತ್ತು, ಅಷ್ಟು ಹೊತ್ತು ಆ ಮನೆಯಲ್ಲಿ ಯಾರು ಕೊಡುತ್ತಾರೆ? ಬಂದದ್ದನ್ನು ತಿನ್ನುವುದು ಸುಲಭ. ಅವನು ತಿಂದದ್ದು ಇವರು ಬಲ್ಲರು ಎನ್ನುವುದಕ್ಕೆ ಸಾಕ್ಷಿಯಾಗುತ್ತಿತ್ತು. ಹೀಗೆ ಅವನು ಏನೇನು ತಿಂದ, ಏನೇನು ಕುಡಿದ, ಯಾವ ಯಾವ ಶಾಲು ಹೊದ್ದುಕೊಂಡ ಎನ್ನುವುದು ದೇವರಿಗೇ ಗೊತ್ತು.

ಶನಿವಾರ ಬಂದರೆ ಬೇರೆಯೇ ಮನುಷ್ಯ. ಮಧ್ಯಾಹ್ನದ ಊಟ ಬೇಗ ಮುಗಿಸಿ, ಇಸ್ತ್ರಿ ಅಂಗಿ ಹಾಕಿಕೊಂಡು, ಕನ್ನಡಿ ಮುಂದೆ ನಿಂತು ಎಡಗೈಯಲ್ಲೇ ತಲೆ ಬಾಚಿಕೊಂಡು, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಸ್ವಲ್ಪ ಹೊತ್ತಿಗೆ ಒಳಗಿಂದ ನಗು ಕೇಳಿಸುತ್ತಿತ್ತು. ಹಲವು ನಗುಗಳ ನಡುವೆ ಅವನ ನಗುವನ್ನು ಪಾಸಮ್ಮ ಕಣ್ಣು ಮುಚ್ಚಿಕೊಂಡು ಗುರುತಿಸಬಲ್ಲಳು.

"ಹೆಣ್ಣು ನೋಡೋಕೆ ಹೊರಟ ಹಾಗೆ ಬಾಚ್ಕೋತಾನಲ್ಲೇ" ಎಂದಳು ಅತ್ತೆ ಒಂದು ಶನಿವಾರ. "ಯಾರಂತೆ ಆ ಟೀಚರಮ್ಮ?"

"ನಂಗೇನು ಗೊತ್ತು ಅತ್ತೆ."

"ಎಲ್ಲಾ ಗೊತ್ತು ಅಂತೀಯ."

ಪಾಸಮ್ಮನಿಗೆ ಆ ಮಾತು ಚುಚ್ಚಿತು. ಸಂಜೆ ಮಗಳು ಅಂಗಡಿಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಶುರು ಮಾಡಿದಳು.

"ಆ ಫೋನಿಗೆ ದುಡ್ಡು ಹಾಕಿಸೋದು ನಿಲ್ಸು."

"ಯಾಕೆ? ಏನಾಯ್ತು ಈಗ?"

"ನಿಮ್ಮಪ್ಪ ಅದ್ರ ಹತ್ರ ಮಾತಾಡ್ತಾರೆ, ನನ್ನ ಹತ್ರ ಮಾತಾಡಲ್ಲ. ಯಾವೂರ ಜನವೋ ಏನೋ, ಅವ್ರ ಹತ್ರ ನಗ್ತಾರೆ. ನಾನು ಅನ್ನ ಇಟ್ರೆ ತಲೆ ಬಗ್ಸಿ ತಿಂದು ಎದ್ದು ಹೋಗ್ತಾರೆ. ನಾನೇನು ಹೋಟೆಲ್ ಮಾಣೀನಾ?"

"ಫೋನು ಕಾಯತ್ತಮ್ಮ. ನೀನು ಕಾಯಲ್ಲ."

"ನಾನು ಕಾಯಲ್ವಾ? ಡ್ಯೂಟಿ ಮುಗ್ಸಿ ಎಷ್ಟು ಹೊತ್ತಿಗೆ ಬಂದ್ರೂ ತಟ್ಟೆ ಮುಂದೆ ಇಟ್ಕೊಂಡು ಕಾದಿದೀನಿ, ನೀನು ಹುಟ್ಟೋಕೆ ಮುಂಚಿಂದ."

"ಆ ಕಾಯೋದಲ್ಲ ನಾನು ಹೇಳ್ತಿರೋದು."

"ಕಾಯೋದ್ರಲ್ಲೂ ಬೇರೆ ಬೇರೆ ಜಾತಿ ಇದೆಯಾ? ನಿಮ್ಮ ಫೋನಲ್ಲಿ ಹಾಗಂತ ಬರ್ದಿದಾರಾ?"

ಮಗಳು ಮುಖ ತೊಳೆಯಲು ಹೋದಳು. ದಿನವಿಡೀ ಗಿರಾಕಿಗಳ ಕಿವಿಯ ಹಿಂದೆ ಕನ್ನಡಕ ಸಿಕ್ಕಿಸಿ ಸಿಕ್ಕಿಸಿ ಅವಳಿಗೂ ಸಾಕಾಗಿತ್ತು.

ಅದರ ಮುಂದಿನ ವಾರ ಒಂದು ಬೆಳಿಗ್ಗೆ ಗಂಡ ಸ್ನಾನಕ್ಕೆ ಹೋದಾಗ ಪಾಸಮ್ಮ ಫೋನನ್ನು ಎತ್ತಿಕೊಂಡಳು. ಯಾರಿದು ತನ್ನ ಸವತಿ, ನೋಡಿಯೇ ಬಿಡೋಣ ಎಂಬ ಹಟ. ಚಿತ್ರ ಬಂತು, ಲೋಟ.

"ಲೋಟ" ಎಂದಳು, ಗದರುವ ದನಿಯಲ್ಲಿ.

"ಶಭಾಷ್" ಎಂದಿತು ಫೋನು.

ಅವಳು ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. "ಛತ್ರಿ" ಎಂದಳು. ಶಭಾಷ್. "ಆನೆ." ಶಭಾಷ್. ಅಡುಗೆ ಚೆನ್ನಾಗಿದೆ ಎಂದಾಗಲಿ, ನೀನಿಲ್ಲದಿದ್ದರೆ ಮನೆ ನಡೆಯುತ್ತಿರಲಿಲ್ಲ ಎಂದಾಗಲಿ ಅವಳಿಗೆ ಯಾರಾದರೂ ಅಂದು ಎಷ್ಟು ಕಾಲವಾಗಿತ್ತೋ. ಯಂತ್ರದ ಶಭಾಷ್‌ಗಿರಿಗೆ ಮನಸ್ಸು ಹಿಗ್ಗಿದ್ದಕ್ಕೆ ನಾಚಿಕೆಯಾಯಿತು, ಆದರೂ ಹಾಸಿಗೆಯ ಅಂಚಿನಲ್ಲಿ ಕೂತು ಮುಂದುವರಿಸಿದಳು. ಆಗ ಒಂದು ಕಬ್ಬಿಣದ ಕೊಕ್ಕೆಯಂಥದ್ದು ಬಂತು. ಹಡಗಿನದೇನೋ ಇರಬೇಕು. ಹೆಸರು ಗೊತ್ತಿತ್ತು, ನಾಲಿಗೆಯ ತುದಿಯಲ್ಲಿತ್ತು, ಬರಲಿಲ್ಲ.

ಚಿತ್ರದ ಸುತ್ತ ಒಂದು ಗೆರೆ ನಿಧಾನವಾಗಿ ದುಂಡಗೆ ಬೆಳೆಯುತ್ತಾ ಹೋಯಿತು. ಫೋನು ಪಿಟಕ್ ಅನ್ನಲಿಲ್ಲ.

"ಹೇಳೋ ಮಾರಾಯ" ಎಂದು ಬೈದಳು.

ಗೆರೆ ಪೂರ್ತಿ ಸುತ್ತಿ ಬಂದಮೇಲೆ, "ಪರವಾಗಿಲ್ಲ, ನಿಧಾನವಾಗಿ ಯೋಚಿಸಿ" ಎಂದು ಮತ್ತೆ ಮೊದಲಿಂದ ಸುತ್ತತೊಡಗಿತು. ಆ ಮೌನ ಅವಳಿಗೆ ತಡೆಯಲಾಗಲಿಲ್ಲ. ಸ್ನಾನದ ಮನೆಯಲ್ಲಿ ಚೊಂಬು ಇಟ್ಟ ಸದ್ದಾಯಿತು. ಫೋನನ್ನು ದಿಂಬಿಗೆ ಒರಗಿಸಿ ಎದ್ದು ಬಂದಳು. ಲಾಡ್ಜಿನಲ್ಲಿ ಹಾಸಿಗೆ ಚಾದರ ಮಡಿಸುತ್ತಿದ್ದಾಗ ಒಮ್ಮೆಗೇ "ಲಂಗರು" ಎಂದು ಜೋರಾಗಿ ಅಂದುಬಿಟ್ಟಳು. ಚಾದರದ ಇನ್ನೊಂದು ತುದಿ ಹಿಡಿದಿದ್ದ ಜೊತೆಗಾತಿ, ಎಲ್ಲರೂ ಗಡಿಬಿಡಿ ಎಂದು ಕರೆಯುವವಳು, "ಯಾರೇ ಅದು?" ಎಂದಳು.

"ಯಾರೂ ಇಲ್ಲ, ಸುಮ್ನೆ ಮಡಿಸು."

ಪಾಳಿ ಬದಲಾಗಿ ಆ ಶನಿವಾರ ಅವಳಿಗೆ ಸಂಜೆತನಕ ಕೆಲಸವಿತ್ತು, ಆದರೆ ಲಾಡ್ಜಿನಲ್ಲಿ ನೀರು ನಿಂತು ಬೇಗ ಮುಗಿಯಿತು. ಮನೆಗೆ ಬಂದರೆ ಅತ್ತೆ ಮಲಗಿದ್ದಳು, ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಪಾಸಮ್ಮ ಟೀ ಮಾಡಿಕೊಂಡು ಬಾಗಿಲ ತನಕ ಹೋದಳು. ಒಳಗೆ ಹೋದರೆ ಫೋನಿನಲ್ಲಿ ತನ್ನ ಕೆಲಸದ ಸೀರೆ ಕಾಣಿಸೀತೆಂದು ಸಂಕೋಚಪಟ್ಟು ಅಲ್ಲೇ ನಿಂತಳು.

"ಮನೇಲಿ ಯಾರ ಜೊತೆ ಅಭ್ಯಾಸ ಮಾಡ್ತೀರಿ? ಯಾರ ಹತ್ರ ಮಾತಾಡ್ತೀರಿ?" ಎಂದು ಟೀಚರಮ್ಮ ಕೇಳುತ್ತಿದ್ದರು.

ಗಂಡ ಉತ್ತರ ಹುಡುಕುತ್ತಿದ್ದ. ಯಾರೂ ಮಧ್ಯೆ ಬಾಯಿ ಹಾಕಲಿಲ್ಲ. ಎಲ್ಲೋ ಇನ್ನೊಬ್ಬರ ಮನೆಯಲ್ಲಿ ನಾಯಿ ಬೊಗಳುವುದು ಕೇಳಿಸಿತು. "ಯಾರೂ..." ಎಂದ ಬಹಳ ಹೊತ್ತಿನ ಮೇಲೆ. "ಯಾರೂ... ಇಲ್ಲ."

"ಒಬ್ರೇ ಇದೀರಾ ಮನೇಲಿ?"

"ಇಲ್ಲ. ಇದಾರೆ. ಎಲ್ರೂ. ಎಲ್ರಿಗೂ..." ಮತ್ತೆ ಹುಡುಕಾಟ. "ಎಲ್ಲಾ... ಗೊತ್ತು."

ಫೋನಿನಿಂದ ಇನ್ಯಾರದೋ ಮುದಿ ದನಿ, "ನಮ್... ಮನೇಲೂ... ಅದೇ" ಎಂದಿತು. ಎಲ್ಲರೂ ನಕ್ಕರು. ಅವನೂ ನಕ್ಕ.

ಪಾಸಮ್ಮ ಸದ್ದಿಲ್ಲದೆ ಅಡುಗೆಮನೆಗೆ ಬಂದು ಆ ಟೀಯನ್ನು ನಿಂತುಕೊಂಡೇ ತಾನು ಕುಡಿದಳು. ಅವನು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಪಾತ್ರೆ ತಿಕ್ಕಿದಳು, ಒಣಗಿದ ಬಟ್ಟೆ ತಂದಳು, ಎಲ್ಲ ಮಾಡಿದಳು. ಈ ಮನೆಯಲ್ಲಿ ನಾನು ಯಾರೂ ಅಲ್ಲ ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಅಂದಿನಿಂದ ಅವಳ ಬಾಯಿ ಬಂದ್. ತಟ್ಟೆ ಇಡುವಳು, ಬಡಿಸುವಳು, ಒಳಗೆ ಹೋಗುವಳು. ಗಂಡ "ಆ..." ಎಂದರೆ ಗೋಡೆ ನೋಡುವಳು. ಹರಾಜಿನಲ್ಲಿ ದೊಡ್ಡ ಕೂಗೇ ಇಲ್ಲದ ಮೇಲೆ ಅತ್ತೆ ಒಬ್ಬಳೇ ಉಪ್ಪು, ನೀರು, ಕಂಬಳಿ ಎಂದು ಕೂಗಿ ಸುಸ್ತಾದಳು.

"ಮನೇನಾ ಇದು, ಸ್ಮಶಾನಾನಾ?" ಎಂದಳು ಮುದುಕಿ ಮೊಮ್ಮಗಳ ಹತ್ತಿರ. "ಮಾತು ಹೋಗಿದ್ದು ನನ್ನ ಮಗಂಗೆ. ನಿಮ್ಮಮ್ಮಂಗೇನು ಬಂತು ದೊಡ್ಡರೋಗ?"

ಮಗಳು ಅಡುಗೆಮನೆಗೆ ಬಂದು ಅಮ್ಮನ ಕೈಯಿಂದ ಸೌಟು ಕಿತ್ತುಕೊಂಡಳು. "ಏನಾಗಿದೆ ಹೇಳು."

"ಏನಿಲ್ಲ. ಕಾಯ್ತಿದೀನಿ. ನೀನೇ ಹೇಳ್ದೆಯಲ್ಲ, ಕಾಯಿ ಅಂತ."

"ಇದು ಕಾಯೋದಲ್ಲಮ್ಮ, ಮುನಿಸು. ಮುಖ ತಿರುಗಿಸ್ಕೊಂಡು ಕೂತ್ರೆ ಅಪ್ಪಂಗೆ ಮಾತು ಬರತ್ತಾ?"

ಆಗ ಪಾಸಮ್ಮನಿಂದ ಎಲ್ಲ ಹೊರಗೆ ಬಂತು. ಬಾಗಿಲ ಹಿಂದೆ ಕೇಳಿದ್ದು, ಅವರೆಲ್ಲ ನಕ್ಕದ್ದು. "ಇಷ್ಟು ವರ್ಷ ಇವ್ರ ಬೇಕು ಬೇಡ ಎಲ್ಲಾ ನೋಡ್ಕೊಂಡೆ. ಎಲ್ಲಾ ಗೊತ್ತು ಅನ್ನೋದೂ ಒಂದು ತಪ್ಪಾ? ಗೊತ್ತಿಲ್ದೇ ಇರೋರೇ ಇವ್ರಿಗೆ ಹೆಚ್ಚಾದ್ರಾ?"

ಮಗಳು ಬೇಳೆ ತಳ ಹಿಡಿಯದ ಹಾಗೆ ತಿರುವುತ್ತಾ ಕೇಳಿದಳು. ಸಮಾಧಾನ ಹೇಳಲು ಹೋಗಲಿಲ್ಲ. "ನಾನೂ ಅದನ್ನೇ ಮಾಡ್ತೀನಿ ಅಮ್ಮ, ಫ್ಯಾನು ಫ್ಯಾನು ಅಂತ" ಎಂದಳು. "ಇಂಥವ್ರ ಮನೆಯವ್ರದ್ದೂ ಒಂದು ಗುಂಪಿದೆ. ನಿನ್ನ ಫೋನಿಗೆ ಹಾಕ್ಲಾ? ಓದೋದೇನೂ ಇರಲ್ಲ, ಬರೀ ದನಿ. ಅವ್ರು ಹೇಳಿದ್ದು ಕೇಳಿಸ್ಕೋ ಅಷ್ಟೆ."

"ಹಾಕು" ಎಂದಳು ಪಾಸಮ್ಮ, ಒಲ್ಲದ ಮನಸ್ಸಿನಿಂದ.

ಲಾಡ್ಜಿನಲ್ಲಿ ಊಟದ ಹೊತ್ತಿಗೆ, ತೊಳೆದ ಚಾದರಗಳ ರಾಶಿಗೆ ಒರಗಿಕೊಂಡು ಕೇಳಿದಳು. ಎಲ್ಲ ಕಾಣದ ಊರುಗಳ ಹೆಂಗಸರು, ನಡುನಡುವೆ ಒಬ್ಬಿಬ್ಬರು ಗಂಡಸರು. ಒಬ್ಬಳ ಹಿಂದೆ ಕುಕ್ಕರ್ ಕೂಗುತ್ತಿತ್ತು, ಒಬ್ಬಳು ಬೀದಿಯಲ್ಲಿ ನಡೆಯುತ್ತಾ ಮಾತಾಡುತ್ತಿದ್ದಳು. "ನನ್ನ ತಂಗಿ ಎಲ್ಲಾದಕ್ಕೂ ಹೂಂ ಅಂತಾಳೆ, ನಂಗೆ ಭಾರಿ ಸಲೀಸಾಗಿತ್ತು, ಆಮೇಲೆ ಗೊತ್ತಾಯ್ತು, ಬೇಡದೇ ಇದ್ರೂ ಹೂಂ ಅಂತಿದ್ಲು ಅಂತ" ಎಂದು ಒಬ್ಬಳು. ಇನ್ನೊಬ್ಬಳು, ಒರಟು ದನಿಯವಳು, ಹೇಳಿದಳು: "ನಾನಂತೂ ಬಾಯ್ತುಂಬ ನೀರು ತುಂಬ್ಕೊಂಡು ಅವ್ರ ಮುಂದೆ ಕೂರ್ತೀನಿ. ಮಧ್ಯೆ ಬಾಯಿ ಹಾಕೋಣ ಅಂದ್ರೂ ಆಗ್ಬಾರ್ದು, ಹಾಗೆ. ನಾವು ಕೊಟ್ಟ ಮಾತು ನಮ್ದೇ ಆಗಿರತ್ತೆ ಕಣ್ರೀ. ಅವ್ರೇ ಹುಡುಕಿದ್ರೆ ಅವ್ರದಾಗತ್ತೆ."

ಪಾಸಮ್ಮ ಅದನ್ನು ಮತ್ತೆ ಹಾಕಿ ಕೇಳಿದಳು. ಪಕ್ಕದಲ್ಲಿ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದ ಗಡಿಬಿಡಿ ಹೇಳಿದಳು, "ನಿನ್ನ ಬಾಯಿಗೆ ಲೋಟ ಸಾಕಾಗಲ್ಲ, ಬಿಂದಿಗೇನೇ ಬೇಕು."

ಮೊದಲ ಸಲ ಎಡವಟ್ಟಾಯಿತು. ಸಂಜೆ ಬಾಯ್ತುಂಬ ನೀರು ತುಂಬಿಕೊಂಡು ಗಂಡನ ಎದುರು ಸ್ಟೂಲಿನ ಮೇಲೆ ಕೂತಳು. ಅವನು ಗಾಬರಿಯಿಂದ ಅವಳ ಕೆನ್ನೆ ನೋಡಿದ. ಅದೇ ಹೊತ್ತಿಗೆ ಒಳಗೆ ಬಂದ ಅತ್ತೆ, "ಯಾಕೇ ಹೀಗೆ ಊದ್ಕೊಂಡಿದೀಯ, ಹಲ್ಲುನೋವಾ? ಲವಂಗ ಇಟ್ಕೋ" ಎಂದು ಬಗ್ಗಿ ಗದ್ದಕ್ಕೆ ಕೈ ಹಾಕಿದಳು. ಪಾಸಮ್ಮನಿಗೆ ತಡೆಯಲಾಗಲಿಲ್ಲ. ನೀರೆಲ್ಲ ಮುದುಕಿಯ ಮೇಲೆ. "ಥೂ ನಿನ್ನ" ಎಂದು ಮುದುಕಿ ಸೆರಗು ಒದರಿಕೊಳ್ಳುತ್ತಿದ್ದರೆ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ತನ್ನ ಎದುರಿಗೇ ಹಾಗೆ ನಕ್ಕದ್ದು ಪಾಸಮ್ಮನಿಗೆ ಸಾಕಾಗಿತ್ತು. ಒದ್ದೆ ನೆಲ ಒರೆಸುವಾಗಲೂ ಅದನ್ನೇ ನೆನೆದಳು.

ಅವಳ ರಜೆಯ ದಿನ ಮಧ್ಯಾಹ್ನ ಮಗಳು ಅಂಗಡಿಯಲ್ಲಿದ್ದಳು, ಅತ್ತೆ ಪಕ್ಕದ ಮನೆಗೆ ಟಿವಿ ನೋಡಲು ಹೋಗಿದ್ದಳು. ಪಾಸಮ್ಮ ದೊಡ್ಡ ಲೋಟದಲ್ಲಿ ನೀರು ತಂದು, ಬಾಯ್ತುಂಬ ತುಂಬಿಕೊಂಡು, ಮಿಕ್ಕದ್ದನ್ನು ಕೆಳಗಿಟ್ಟು, ಮತ್ತೆ ಆ ಸ್ಟೂಲಿನ ಮೇಲೆ ಕೂತಳು. ಈ ಸಲ ಅವನಿಗೆ ಅರ್ಥವಾಯಿತು. ಫೋನನ್ನು ಮಗುಚಿ ಹಾಕಿದ.

"ಟೀ..." ಎಂದ.

ಅವಳ ಕಾಲುಗಳು ತಾವೇ ಎದ್ದವು. ಹಲ್ಲು ಕಚ್ಚಿ ಮತ್ತೆ ಕೂತಳು. ಅವನ ಹಣೆಯ ಮೇಲೆ ಗೆರೆ ಮೂಡಿತು, ತುಟಿ ಎರಡು ಮೂರು ರೀತಿ ತಿರುಚಿತು. ಅವಳ ಬಾಯಲ್ಲಿ ನೀರು ಬೆಚ್ಚಗಾಗುತ್ತಾ ಬಂತು. "ಬೇಡ" ಎಂದ. "ಸಂಜೆ ಟೀ... ಬೇಡ. ನಿದ್ದೆ... ಬರಲ್ಲ."

ಇಷ್ಟು ತಿಂಗಳೂ ದಿನಾ ಸಂಜೆ, ಕೇಳಿದನೆಂದು, ಸಕ್ಕರೆ ಮುಂದಾಗಿ ಹಾಕಿ ಕೊಟ್ಟಿದ್ದಳು. ದಿನಾ ಕುಡಿದಿದ್ದ. ಅವಳು ತಲೆಯಾಡಿಸಿದಳು. ಮುಗಿಯಿತೇನೋ ಎಂದುಕೊಂಡಳು, ಮುಗಿದಿರಲಿಲ್ಲ.

"ನೀನು... ಮಲಗ್ತೀಯ. ನಾನು... ನೋಡ್ತಾ... ಇರ್ತೀನಿ." ಉಸಿರೆಳೆದುಕೊಂಡ. "ಭಯ."

ಏನೂ ಆಗಲ್ಲ ಬಿಡಿ ಎಂಬ ಮಾತು ಅವಳ ಗಂಟಲಿನ ತನಕ ಬಂದಿತ್ತು. ನೀರು ತಡೆಯಿತು. ಹಿಂದಾಗಿದ್ದರೆ ಅವಳು ಅದನ್ನು ಅಂದು, ಹೊದಿಕೆ ಸರಿಮಾಡಿ, ಎದ್ದು ಹೋಗಿರುತ್ತಿದ್ದಳು.

"ಇನ್ನೊಂದ್ಸಲ... ಬಂದ್ರೆ." ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ತೋರಿಸಿ ಕೆಳಗೆ ಬಿಟ್ಟ. "ಕೂಗ್ಬೇಕು... ನಿನ್ನ. ನಿನ್ನ..." ತಲೆಯನ್ನು ಅಡ್ಡಡ್ಡ ಆಡಿಸಿದ. "ಹೆಸ್ರು... ಸಿಗಲ್ಲ. ಕಿಟಕಿ ಬರತ್ತೆ. ಕುರ್ಚಿ ಬರತ್ತೆ. ಅದು..." ಮಗುಚಿದ್ದ ಫೋನನ್ನು ತಟ್ಟಿದ. "ಇದ್ರಲ್ಲಿ... ಇಲ್ಲ."

ಅವಳು ನೀರು ನುಂಗಿದಳು. ಗುಟಕ್ ಎಂದ ಸದ್ದು ಇಬ್ಬರಿಗೂ ಕೇಳಿಸಿತು.

ಅವನು ಒಬ್ಬನೇ ಕೋಣೆಯಲ್ಲಿ ಕೂತು ಆನೆ ಛತ್ರಿ ಎಂದು ಕಲಿಯುತ್ತಿದ್ದದ್ದು ಎಲ್ಲಿಗೆ ತಲುಪಲು ಎಂದು ಅವಳಿಗೆ ಈಗ ತಿಳಿಯಿತು. ದಿನವೂ ಅದೇ ಹಾಸಿಗೆಯಲ್ಲಿ, ಕೈಯಳತೆಯಲ್ಲಿ ಅವಳು ಗೊರಕೆ ಹೊಡೆದು ಮಲಗಿದ್ದಳು, ಅವನು ಕತ್ತಲಲ್ಲಿ ಅವಳ ಹೆಸರು ಹುಡುಕುತ್ತಿದ್ದ. ಎಲ್ಲರ ಬಾಯಲ್ಲೂ ಇರುವ ಹೆಸರು, ಅವನೇ ಇಟ್ಟದ್ದು. ಅಳು ಬಂತು, ಅತ್ತಳು. ಅವನು ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಬಾಯಿ ತೆರೆದ, ತುಟಿ ಕೂಡಿಸಿದ, ಬಿಟ್ಟ. ಮತ್ತೆ ಕೂಡಿಸಿದ. ಕತ್ತಿನ ನರ ಉಬ್ಬಿತು.

ಹೆಸರು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಒಂದು ಸಲ ಅಂದರೆ ಸಾಕು, ಹಿಂದಿನಿಂದ ಅವನೂ ಅನ್ನುತ್ತಿದ್ದ, ಇಬ್ಬರಿಗೂ ಹಗುರಾಗುತ್ತಿತ್ತು, ನಾಳೆಗೆ ಮತ್ತೆ ಇರುತ್ತಿರಲಿಲ್ಲ.

ಪಾಸಮ್ಮ ಬಗ್ಗಿ ಲೋಟ ಎತ್ತಿಕೊಂಡಳು. ಉಳಿದಿದ್ದ ನೀರನ್ನೆಲ್ಲ ಬಾಯ್ತುಂಬ ತುಂಬಿಕೊಂಡು, ಸ್ಟೂಲನ್ನು ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡು ಕೂತಳು.